ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಕ್ಷೇತ್ರವಿಂಗಡಣೆಯೂ ಶಾಸನಸಭೆಯ ಬಹುಮತವೂ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳಿರುವುದು ವಿದ್ವಾಂಸರಿಗೆ ಸುವಿದಿತವಾದ ಸಂಗತಿ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಧರ್ಮೋಪದೇಶವು ಪ್ರಾರಂಭವಾಗುವುದಕ್ಕೆ ಮೊದಲು ಈ ಶಾಸನಗಳಲ್ಲಿ ಒಂದು ಆಡಳಿತದ ಒಕ್ಕಣೆಯುಂಟು. ಸುವರ್ಣಗಿರಿಯಲ್ಲಿರುವ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಆಮೇಲೆ ಚಕ್ರವರ್ತಿಯ ಆಜ್ಞೆಯನ್ನು ತಿಳಿಸುತ್ತಾರೆ. ಇಸಿಲವು ಒಂದು ಆಡಳಿತ ಸ್ಥಾನವಾಗಿತ್ತೆಂದೂ, ಅದರ ಎಲ್ಲೆಯನ್ನು ನಿರ್ಣಯಿಸುವ ಅಧಿಕಾರವು ಇಸಿಲದಲ್ಲಿರದೆ ಮೇಲಿನ ಸ್ಥಾನದಲ್ಲಿತ್ತೆಂದೂ ಇದರಿಂದ ಊಹಿಸಬಹುದು. ಇಪ್ಪತ್ತೆರಡು ಶತಮಾನಗಳು ಕಳೆದ ಮೇಲೆ ಅದೇ ನೆಲದಲ್ಲಿ ರಾಜಾಜ್ಞೆಗೆ ಬದಲಾಗಿ ಪ್ರಜೆಗಳ ಮತವು ಅಧಿಕಾರಕ್ಕೆ ಮೂಲವಾಯಿತು. ಎಲ್ಲೆಯನ್ನು ಗೆರೆಯೆಳೆದು ಗೊತ್ತುಮಾಡುವ ಕಾರ್ಯವು ಮಾತ್ರ ಆ ಪ್ರಜೆಗಳ ಕೈಗೆ ಬಂದಿಲ್ಲ. ಆ ಗೆರೆಯು ಒಂದು ರಾಜ್ಯದ ಶಾಸನಸಭೆಯಲ್ಲಿ ಯಾರಿಗೆ ಬಹುಮತವೆಂಬುದನ್ನು ಹೇಗೆ ಬದಲಾಯಿಸಬಲ್ಲುದು, ನ್ಯಾಯಸ್ಥಾನಗಳು ಆ ಗೆರೆಯ ವಿಷಯದಲ್ಲಿ ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದನ್ನು ಈ ಎರಡು ತಾಲ್ಲೂಕುಗಳ ಚರಿತ್ರೆಯಿಂದ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಮೈಸೂರು ಸಂಸ್ಥಾನದಲ್ಲಿ ಪ್ರಾತಿನಿಧ್ಯದ ಮೊದಲ ಏರ್ಪಾಡು 1881ರ ಅಕ್ಟೋಬರ್ 7ರಂದು ಕೂಡಿದ ಪ್ರಜಾಪ್ರತಿನಿಧಿ ಸಭೆ. ದಿವಾನ್ ರಂಗಾಚಾರ್ಲು ಅವರು ಕರೆದ ಆ ಸಭೆಗೆ 144 ಮಂದಿ ಸದಸ್ಯರು ಬಂದಿದ್ದರು. ಅವರು ಚುನಾಯಿತರಲ್ಲ, ಜಿಲ್ಲೆಯ ಅಧಿಕಾರಿಗಳು ಆರಿಸಿ ಕಳುಹಿಸಿದ ಜಮೀನುದಾರರು ಮತ್ತು ವರ್ತಕರು. ಚುನಾವಣೆಯು ಬಂದುದು 1891ರಲ್ಲಿ. ಪ್ರಾರಂಭದ ಏರ್ಪಾಡಿನಲ್ಲಿ ಗಮನಿಸತಕ್ಕ ಅಂಶವೇನೆಂದರೆ, ರೈತರ ಪ್ರತಿನಿಧಿಗಳು ತಾಲ್ಲೂಕುವಾರಿಯಾಗಿ ಬಂದರು. ತಾಲ್ಲೂಕೆಂಬುದು ಕಂದಾಯದ ಎಲ್ಲೆ. ಅದನ್ನು ಮತಕ್ಕಾಗಿ ಯಾರೂ ಕೊರೆದುದಲ್ಲ. ಕಚೇರಿಯಿದ್ದ ಊರೇ ಪ್ರಾತಿನಿಧ್ಯದ ಕೇಂದ್ರವೂ ಆಗಿದ್ದುದರಿಂದ ಎಲ್ಲೆಯ ಬಗೆಗೆ ವಿವಾದಕ್ಕೆ ಆಸ್ಪದವೇ ಇರಲಿಲ್ಲ. ಜನಸಂಖ್ಯೆಗೆ ಅನುಸಾರವಾಗಿ ಕ್ಷೇತ್ರಗಳು ಸಮನಾಗಿರಬೇಕೆಂಬ ತತ್ತ್ವವು ಪ್ರವೇಶಿಸಿದ ಮೇಲೆಯೇ ತಾಲ್ಲೂಕನ್ನು ಕತ್ತರಿಸಿ ಹೋಬಳಿಯನ್ನು ಹೋಬಳಿಗೆ ಹೊಲಿಯುವ ಅಗತ್ಯವುಂಟಾಯಿತು.

1952ರ ಪ್ರಥಮ ಮಹಾಚುನಾವಣೆಯಲ್ಲಿ ಮೈಸೂರಿನ ವಿಧಾನಸಭೆಗೆ 99 ಸ್ಥಾನಗಳಿದ್ದವು. 1956ರಲ್ಲಿ ಕನ್ನಡ ಪ್ರದೇಶಗಳು ಒಂದುಗೂಡಿದ ನಂತರ 1957ರಲ್ಲಿ ಈ ಸಂಖ್ಯೆ 208 ಆಯಿತು, 1967ರಲ್ಲಿ 216, 1978ರಲ್ಲಿ 224. ಆಗ ನಿಂತ ಸಂಖ್ಯೆ ಇನ್ನೂ ಹಾಗೆಯೇ ನಿಂತಿದೆ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು 1957ರಲ್ಲಿ ಶಾಸನಸಭೆಯನ್ನು ಪ್ರವೇಶಿಸಿದುದು ಮೊಳಕಾಲ್ಮುರಿನಿಂದ. ಅವರು 1962ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದಲ್ಲಿ ನಿಂತು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ. ಟಿ. ರಂಗಪ್ಪನವರಿಂದ ಪರಾಜಿತರಾದರು. ಪಕ್ಷಕ್ಕೆ ಬಹುಮತ ಬಂದಿತು, ನಾಯಕರಿಗೆ ಸ್ಥಾನವಿಲ್ಲದಾಯಿತು. ಎಸ್. ಆರ್. ಕಂಠಿಯವರು ಮೂರು ತಿಂಗಳಿಗೆ ಮೇಲ್ಪಟ್ಟು ಮುಖ್ಯಮಂತ್ರಿ ಪದವಿಯನ್ನು ನಿರ್ವಹಿಸಿ, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಚುನಾಯಿತರಾಗಿ ಬಂದ ಮೇಲೆ ಅದನ್ನು ಬಿಟ್ಟುಕೊಟ್ಟರು. ಚಿತ್ರದುರ್ಗದ ಸೀಮೆಯಲ್ಲಿ ಒಂದು ಕ್ಷೇತ್ರದಿಂದ ಪಕ್ಕದ ಕ್ಷೇತ್ರಕ್ಕೆ ಸರಿಯುವುದರ ಫಲವು ರಾಜ್ಯದ ಮಂತ್ರಿಮಂಡಲದ ಮೇಲೆಯೇ ಬೀಳಬಹುದೆಂಬುದಕ್ಕೆ ಇದು ಮೊದಲ ನಿದರ್ಶನ. ಇದರಲ್ಲಿ ಗೆರೆಯ ದೋಷವೇನೂ ಇರಲಿಲ್ಲ. ಮುಂದಿನ ನಿದರ್ಶನವು ಹಾಗಲ್ಲ.

ಕ್ಷೇತ್ರವಿಂಗಡಣೆಗೆ ಸಂಬಂಧಪಟ್ಟ ಶಾಸನಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕಾಗಿದೆ. ಪ್ರತಿ ಖಾನೆಷುಮಾರಿಯ ತರುವಾಯ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸತಕ್ಕದ್ದೆಂದು ಸಂವಿಧಾನವು ವಿಧಿಸಿತು. ಅದರಂತೆ 1952, 1962, 1972ರ ಶಾಸನಗಳ ಮೇರೆಗೆ ಮೂರು ಆಯೋಗಗಳು ಕೆಲಸ ಮಾಡಿದವು. 1976ರಲ್ಲಿ ಸಂವಿಧಾನದ ನಲವತ್ತೆರಡನೆಯ ತಿದ್ದುಪಡಿಯು ಈ ಕ್ರಮವನ್ನು ತಡೆಯಿತು. ಕುಟುಂಬ ಯೋಜನೆಯನ್ನು ಚೆನ್ನಾಗಿ ನಡೆಸಿದ ರಾಜ್ಯಗಳು ಸ್ಥಾನಗಳನ್ನು ಕಳೆದುಕೊಳ್ಳಬಾರದೆಂಬ ಕಾರಣದಿಂದ, 1971ರ ಖಾನೆಷುಮಾರಿಯ ಲೆಕ್ಕವೇ 2000ದ ನಂತರದ ಮೊದಲ ಖಾನೆಷುಮಾರಿಯವರೆಗೆ ನಡೆಯತಕ್ಕದ್ದೆಂದು ಗೊತ್ತಾಯಿತು. ಉದ್ದೇಶವು ರಾಜ್ಯ ರಾಜ್ಯಗಳ ನಡುವಣ ನ್ಯಾಯ. ಆದರೆ ಅದೇ ಬೀಗವು ರಾಜ್ಯದ ಒಳಗಣ ಲೆಕ್ಕಕ್ಕೂ ಬಿದ್ದಿತು. ಅದರ ಭಾರವು ಯಾರ ಮೇಲೆ ಬಿದ್ದಿತೆಂಬುದನ್ನು ತಿಳಿಯಬೇಕಾದರೆ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಹಟ್ಟಿಗಳ ಕಡೆಗೆ ನೋಡಬೇಕು.

ಈ ಸೀಮೆಯು ರಾಜ್ಯದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಪೂರ್ವದಲ್ಲಿ ಆಂಧ್ರದ ರಾಯದುರ್ಗ, ಉತ್ತರದಲ್ಲಿ ಬಳ್ಳಾರಿ. ಚಳ್ಳಕೆರೆಯು ಕಡಲೆಕಾಯಿಗೂ ಎಣ್ಣೆ ಗಿರಣಿಗಳಿಗೂ, ಮೊಳಕಾಲ್ಮುರು ರೇಷ್ಮೆ ಸೀರೆಗೂ ಹೆಸರಾದವು. ಅಮೃತಮಹಲಿನ ಕಾವಲುಗಳು ಇಲ್ಲಿ ವಿಸ್ತಾರವಾಗಿದ್ದವು. ನಾಯಕನಹಟ್ಟಿಯೇ ಮೊದಲಾದ ಪಾಳೆಯಪಟ್ಟುಗಳೂ, 1779ರಲ್ಲಿ ಹೈದರನ ವಶವಾಗುವವರೆಗೆ ಚಿತ್ರದುರ್ಗವೂ ಬೇಡ ನಾಯಕರ ಆಳಿಕೆಯಲ್ಲಿದ್ದವು. ಅವರ ಕುಲದವರಾದ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕಿಕೊಂಡು, ಗಾದರಿ ಪಾಲನಾಯಕನೇ ಮೊದಲಾದ ವೀರರನ್ನು ಪೂಜಿಸಿಕೊಂಡು, ಇಲ್ಲಿನ ಹಟ್ಟಿಗಳಲ್ಲಿ ವಾಸವಾಗಿದ್ದಾರೆ. 2011ರ ಖಾನೆಷುಮಾರಿಯಂತೆ ಪರಿಶಿಷ್ಟ ಪಂಗಡದವರು ಇಡೀ ಕರ್ನಾಟಕದಲ್ಲಿ ನೂರಕ್ಕೆ 6.95 ಮಂದಿಯಾದರೆ ಚಿತ್ರದುರ್ಗ ಜಿಲ್ಲೆಯಲ್ಲಿ ನೂರಕ್ಕೆ 18.23 ಮಂದಿ.

1971ರ ಖಾನೆಷುಮಾರಿಯಲ್ಲಾದರೋ ಈ ಜನರಲ್ಲಿ ಬಹುಭಾಗವು ಪಂಗಡದ ಲೆಕ್ಕಕ್ಕೆ ಸೇರಿರಲಿಲ್ಲ. ಆಗ ರಾಜ್ಯದ ಪರಿಶಿಷ್ಟ ಪಂಗಡದವರ ಸಂಖ್ಯೆ 2,31,268. ಎಂದರೆ ನೂರಕ್ಕೆ 0.79. ಇದನ್ನು 224ರಿಂದ ಗುಣಿಸಿದರೆ 1.77 ಬರುತ್ತದೆ, ಆದಕಾರಣ ಎರಡು ಸ್ಥಾನಗಳು. ಆ ಎರಡರಲ್ಲಿ ಒಂದು ಗೋಕಾಕ, ಇನ್ನೊಂದು ವಿರಾಜಪೇಟೆ. ಒಂದು ರಾಜ್ಯದ ವಾಯವ್ಯದ ಮೂಲೆ, ಒಂದು ಕೊಡಗಿನ ಮೂಲೆ. ತುಂಗಭದ್ರೆಯಿಂದ ವೇದಾವತಿಯವರೆಗಿನ ನಾಯಕರ ಸೀಮೆಯಲ್ಲಿ ಒಂದೂ ಇಲ್ಲ.

1976ರ ಶಾಸನವೊಂದು ಪರಿಶಿಷ್ಟ ಪಟ್ಟಿಗಳಲ್ಲಿದ್ದ ಪ್ರದೇಶ ನಿರ್ಬಂಧವನ್ನು ತೆಗೆದುಹಾಕಿತು. ಅದುವರೆಗೆ ರಾಜ್ಯದ ಒಂದು ಭಾಗದಲ್ಲಿ ಪಟ್ಟಿಗೆ ಸೇರಿದ ಹೆಸರು ಇನ್ನೊಂದು ಭಾಗದಲ್ಲಿ ಸಲ್ಲುತ್ತಿರಲಿಲ್ಲ. ಆಮೇಲೆ ನಾಯಕರೆಂಬ ಹೆಸರಿನಲ್ಲಿ ಲೆಕ್ಕ ಕೊಟ್ಟವರ ಸಂಖ್ಯೆ ಬೆಳೆದು, 1981ರಲ್ಲಿ ಪಂಗಡದವರ ಪ್ರಮಾಣವು ನೂರಕ್ಕೆ 4.91 ಆಯಿತು. ಬೇಡ, ಬೇಡರ್, ವಾಲ್ಮೀಕಿ ಎಂಬ ಪರ್ಯಾಯನಾಮಗಳು 1991ರ ತಿದ್ದುಪಡಿಯಿಂದ ಸ್ಪಷ್ಟವಾಗಿ ಪಟ್ಟಿಗೆ ಸೇರಿದವು. ನೂರಕ್ಕೆ 4.91 ಎಂಬುದಕ್ಕೆ 224ರಲ್ಲಿ ಹನ್ನೊಂದು ಸ್ಥಾನಗಳು ಸಲ್ಲಬೇಕು. ಆದರೆ 1971ರ ಲೆಕ್ಕವನ್ನು ಸಂವಿಧಾನವೇ ಬಿಗಿದು ಕಟ್ಟಿದ್ದಿತಾಗಿ, 1983, 1985, 1989, 1994, 1999, 2004 ಹೀಗೆ ಆರು ಚುನಾವಣೆಗಳು ಎರಡೇ ಸ್ಥಾನಗಳೊಂದಿಗೆ ನಡೆದುಹೋದವು. ಒಬ್ಬ ಅಧಿಕಾರಿಯೂ ಅನ್ಯಾಯ ಮಾಡಬೇಕೆಂದು ಗೆರೆಯೆಳೆಯಲಿಲ್ಲ. ಗೆರೆಯನ್ನು ಎಳೆಯದೆ ಬಿಟ್ಟುದೇ ಇಲ್ಲಿ ಪರಿಣಾಮಕಾರಿಯಾಯಿತು. ಹೊಸ ಗೆರೆಯನ್ನು ಮಾತ್ರ ಶಂಕಿಸಿ, ಹಳೆಯ ಗೆರೆಯನ್ನು ನಿಸರ್ಗದತ್ತವೆಂಬಂತೆ ಎಣಿಸುವ ವಾಡಿಕೆ ಬರೆಹಗಾರರಲ್ಲಿ ಉಂಟು. ಅದು ಸರಿಯಲ್ಲವೆಂಬುದಕ್ಕೆ ಈ ಅಂಕಿಗಳೇ ಸಾಕು.

ಆದರೂ ಒಂದು ಮಾತನ್ನು ಮರೆಯಬಾರದು. ಮೀಸಲಿಲ್ಲದ ಕಾಲದಲ್ಲಿಯೂ ಈ ಸೀಮೆಯ ನಾಯಕರು ಶಾಸನಸಭೆಗೆ ಹೋಗದೆ ಇರಲಿಲ್ಲ. ಎನ್. ವೈ. ಗೋಪಾಲಕೃಷ್ಣ ಅವರು 2008ರ ಮೊದಲೇ, ಮೊಳಕಾಲ್ಮುರು ಸಾಮಾನ್ಯ ಕ್ಷೇತ್ರವಾಗಿದ್ದಾಗಲೇ, ಅಲ್ಲಿಂದ ಗೆದ್ದಿದ್ದರು. ಸಂಖ್ಯೆಯಿದ್ದ ಕಡೆ ಮೀಸಲಿಲ್ಲದೆಯೂ ಪ್ರಾತಿನಿಧ್ಯ ದೊರೆಯಬಲ್ಲುದು. ಹಾಗಾದರೆ ಮೀಸಲು ಬದಲಾಯಿಸಿದುದೇನು? ಗೆಲ್ಲುವವರ ಕುಲಕ್ಕಿಂತ ಹೆಚ್ಚಾಗಿ, ಅವರು ಯಾವ ಯಾವ ಕ್ಷೇತ್ರಗಳ ನಡುವೆ ಸಂಚರಿಸಬಲ್ಲರು ಎಂಬುದನ್ನು ಅದು ಬದಲಾಯಿಸಿತು. ಇದನ್ನು ಮುಂದೆ ನೋಡಬಹುದು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ 2002ರಲ್ಲಿ ರಚಿತವಾದ ಆಯೋಗವು 2001ರ ಖಾನೆಷುಮಾರಿಯ ಆಧಾರದ ಮೇಲೆ ಕೆಲಸ ಮಾಡಿತು. ಅಷ್ಟರಲ್ಲಿ ಎಂಬತ್ತನಾಲ್ಕನೆಯ ತಿದ್ದುಪಡಿಯು ಒಟ್ಟು ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಖಾನೆಷುಮಾರಿಯವರೆಗೆ ಮತ್ತೆ ಬಿಗಿದಿತ್ತು. ಒಳಗಿನ ಎಲ್ಲೆಗಳನ್ನೂ ಮೀಸಲನ್ನೂ ಮಾತ್ರ ಸಡಿಲಿಸಿತ್ತು. ಕರ್ನಾಟಕದ ಜನಸಂಖ್ಯೆ 5,28,50,562. ಅದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2,35,940. ಪಂಗಡದವರ ಪ್ರಮಾಣ ನೂರಕ್ಕೆ 6.55, ಆ ಲೆಕ್ಕದಿಂದ 14.67, ಎಂದರೆ 15 ಸ್ಥಾನಗಳು. ಜಾತಿಗಳ ಪ್ರಮಾಣ ನೂರಕ್ಕೆ 16.2, ಆ ಲೆಕ್ಕದಿಂದ 36. ಎರಡಿದ್ದುದು ಹದಿನೈದಾಯಿತು, ಮೂವತ್ತಮೂರಿದ್ದುದು ಮೂವತ್ತಾರಾಯಿತು.

ಯಾವ ಸ್ಥಾನವನ್ನು ಮೀಸಲಿಡಬೇಕೆಂಬುದಕ್ಕೆ 2002ರ ಶಾಸನದ ಒಂಬತ್ತನೆಯ ಪ್ರಕರಣದಲ್ಲಿ ಎರಡು ಬೇರೆ ಬೇರೆ ನಿಯಮಗಳುಂಟು. ಸಾಮಾನ್ಯ ವಾಚಕರು ಈ ಭೇದವನ್ನು ಗಮನಿಸುವುದು ಅಪರೂಪ. ಪರಿಶಿಷ್ಟ ಜಾತಿಗಳ ಸ್ಥಾನಗಳನ್ನು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹರಡಬೇಕು; ಅವರ ಪ್ರಮಾಣವು ತಕ್ಕಷ್ಟು ಹೆಚ್ಚಾಗಿದ್ದರೆ ಸಾಕು. ಪಂಗಡಗಳ ಸ್ಥಾನಗಳನ್ನಾದರೋ ಅವರ ಪ್ರಮಾಣವು ಎಲ್ಲಕ್ಕಿಂತ ಹೆಚ್ಚಾಗಿರುವ ಕಡೆಗಳಲ್ಲಿಯೇ ಇಡಬೇಕು. ಹರಡುವ ನಿಯಮ ಒಂದಕ್ಕೆ, ಒಟ್ಟುಗೂಡಿಸುವ ನಿಯಮ ಇನ್ನೊಂದಕ್ಕೆ. ಇದರ ಫಲವಾಗಿ ಹದಿನೈದು ಸ್ಥಾನಗಳಲ್ಲಿ ಉತ್ತರದ ಯಮಕನಮರಡಿ, ದಕ್ಷಿಣದ ಹೆಗ್ಗಡದೇವನಕೋಟೆ ಈ ಎರಡನ್ನು ಬಿಟ್ಟರೆ ಉಳಿದ ಹದಿಮೂರೂ ಸುರಪುರದಿಂದ ಚಳ್ಳಕೆರೆಯವರೆಗಿನ ಒಂದು ಪಟ್ಟಿಯಲ್ಲಿ ಸಾಲುಗೊಂಡವು: ಸುರಪುರ, ರಾಯಚೂರು ಗ್ರಾಮಾಂತರ, ಮಾನವಿ, ದೇವದುರ್ಗ, ಮಸ್ಕಿ, ಕಂಪ್ಲಿ, ಸಿರುಗುಪ್ಪ, ಬಳ್ಳಾರಿ ಗ್ರಾಮಾಂತರ, ಸಂಡೂರು, ಕೂಡ್ಲಿಗಿ, ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು. ಗೋಕಾಕವೂ ವಿರಾಜಪೇಟೆಯೂ ಸಾಮಾನ್ಯ ಕ್ಷೇತ್ರಗಳಾದವು.

ಎಲ್ಲೆಗಳೂ ಸರಿದವು. 97ನೆಯ ಕ್ಷೇತ್ರವಾದ ಮೊಳಕಾಲ್ಮುರಿಗೆ ಆ ತಾಲ್ಲೂಕೊಂದೇ ಸಾಲದಾಗಿ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಮತ್ತು ತಳಕು ಹೋಬಳಿಗಳನ್ನು ಅದಕ್ಕೆ ಸೇರಿಸಲಾಯಿತು. ಹೀಗೆ ಕುಗ್ಗಿದ 98ನೆಯ ಚಳ್ಳಕೆರೆ ಕ್ಷೇತ್ರಕ್ಕೆ ಚಿತ್ರದುರ್ಗ ತಾಲ್ಲೂಕಿನ ತುರುವನೂರು ಹೋಬಳಿಯನ್ನು ಕೂಡಿಸಲಾಯಿತು. ಕನ್ನಡದ ಅಧ್ಯಾಪಕರಿಗೆ ತಳುಕು ಎಂದೊಡನೆ ಟಿ. ಎಸ್. ವೆಂಕಣ್ಣಯ್ಯನವರ ನೆನಪಾಗುವುದು ಸಹಜ. ಅವರ ಹೆಸರಿನ ಮೊದಲಕ್ಷರದಲ್ಲಿ ನಿಂತ ಆ ಊರು ಕಂದಾಯಕ್ಕೆ ಚಳ್ಳಕೆರೆಯದು, ಮತಕ್ಕೆ ಮೊಳಕಾಲ್ಮುರಿನದು. ತಹಶೀಲ್ದಾರರ ಕಚೇರಿ ಒಂದು ಊರಿನಲ್ಲಿ, ಶಾಸನಸಭೆಯ ಸದಸ್ಯರ ಹೆಸರಿಗೆ ಹತ್ತಿದ ಊರು ಇನ್ನೊಂದು. ಭರಮಸಾಗರವೆಂಬ ಕ್ಷೇತ್ರವಂತೂ ಸಂಪೂರ್ಣವಾಗಿ ಅಳಿಯಿತು. ಜಾತಿಗಳಿಗೆ ಮೀಸಲಾಗಿದ್ದ ಹಿರಿಯೂರು ಸಾಮಾನ್ಯವಾಯಿತು. ಸಾಮಾನ್ಯವಾಗಿದ್ದ ಹೊಳಲ್ಕೆರೆ ಮೀಸಲಾಯಿತು. ಲೋಕಸಭೆಗೆ ಇಡೀ ಚಿತ್ರದುರ್ಗವು ಪರಿಶಿಷ್ಟ ಜಾತಿಗಳಿಗೆ ಮೀಸಲಾದುದರಿಂದ, ಚಳ್ಳಕೆರೆಯ ಮತದಾರನು ಬೆಂಗಳೂರಿಗೆ ಪಂಗಡದವರೊಬ್ಬರನ್ನೂ ದೆಹಲಿಗೆ ಜಾತಿಯವರೊಬ್ಬರನ್ನೂ ಕಳುಹಿಸುವ ಸ್ಥಿತಿ ಬಂದಿತು. ಅದೇ ಕಾವಲುಗಳ ಅಂಚಿನಲ್ಲಿ ಜುಂಜಪ್ಪನ, ಎತ್ತಪ್ಪನ ಪದಗಳನ್ನು ಹಾಡಿಕೊಂಡಿರುವ ಕಾಡುಗೊಲ್ಲರು ಪಂಗಡದ ಪಟ್ಟಿಯಲ್ಲಿರಲಿಲ್ಲವಾದ್ದರಿಂದ ಅವರು ಈ ಎರಡು ಕ್ಷೇತ್ರಗಳಲ್ಲಿ ಮತ ಹಾಕಬಹುದಾಗಿತ್ತೇ ಹೊರತು ಉಮೇದುವಾರರಾಗಿ ನಿಲ್ಲುವಂತಿರಲಿಲ್ಲ. ತಮ್ಮನ್ನೂ ಪಟ್ಟಿಗೆ ಸೇರಿಸಬೇಕೆಂಬ ಅವರ ಬೇಡಿಕೆಯ ಹಿಂದೆ ಈ ಗೆರೆಯೂ ಇದೆಯೆಂಬುದನ್ನು ಮರೆಯಲಾಗದು.

ಹೊಸ ವಿಂಗಡಣೆಯು 2008ರ ಫೆಬ್ರವರಿ 19ರಂದು ರಾಷ್ಟ್ರಪತಿಗಳ ಪ್ರಕಟಣೆಯಿಂದ ಜಾರಿಗೆ ಬಂದಿತು. ಆಗ ಕರ್ನಾಟಕದಲ್ಲಿ ರಾಷ್ಟ್ರಪತಿ ಆಡಳಿತವಿದ್ದಿತು. ಹೊಸ ಎಲ್ಲೆಗಳ ಮೇಲೆ ಚುನಾವಣೆ ನಡೆಸಿದ ಪ್ರಥಮ ರಾಜ್ಯವೆಂಬ ಸ್ಥಾನವು, 2008ರ ಮೇ ತಿಂಗಳಿನಲ್ಲಿ, ಹೀಗೆ ಕರ್ನಾಟಕಕ್ಕೆ ಲಭಿಸಿತು.

ಆ ಚುನಾವಣೆಯ ಫಲವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಆವಶ್ಯಕ. ಭಾರತೀಯ ಜನತಾ ಪಕ್ಷಕ್ಕೆ 110, ಕಾಂಗ್ರೆಸ್ಸಿಗೆ 80, ಜನತಾದಳಕ್ಕೆ 28, ಪಕ್ಷೇತರರಿಗೆ 6 ಸ್ಥಾನಗಳು ದೊರೆತವು. ಬಹುಮತಕ್ಕೆ 113 ಬೇಕು. ಮೂರು ಕಡಮೆ. ಆ ಮೂರನ್ನು ತುಂಬಿದವರು ಪಕ್ಷೇತರರು. ಅವರಲ್ಲಿ ಐವರು ಬಿ. ಎಸ್. ಯಡಿಯೂರಪ್ಪನವರ ಮಂತ್ರಿಮಂಡಲವನ್ನು ಸೇರಿದರು. ಅವರು ಯಾರೆಂದರೆ: ಹಿರಿಯೂರಿನ ಡಿ. ಸುಧಾಕರ್, ಹೊಸದುರ್ಗದ ಗೂಳಿಹಟ್ಟಿ ಶೇಖರ್, ಪಾವಗಡದ ವೆಂಕಟರಮಣಪ್ಪ, ಕನಕಗಿರಿಯ ಶಿವರಾಜ ತಂಗಡಗಿ, ಮಳವಳ್ಳಿಯ ಪಿ. ಎಂ. ನರೇಂದ್ರಸ್ವಾಮಿ. ಈ ಐವರಲ್ಲಿ ಮೊದಲ ಮೂವರ ಕ್ಷೇತ್ರಗಳು ಚಿತ್ರದುರ್ಗ ಲೋಕಸಭಾ ಕ್ಷೇತ್ರದ ಎಂಟು ಭಾಗಗಳೊಳಗೆ ಬರುತ್ತವೆ. ಕೊರತೆಯೂ ಮೂರು, ಈ ಸೀಮೆಯಿಂದ ಬಂದವರೂ ಮೂವರು.

ಇವರಲ್ಲಿ ಸುಧಾಕರ್ ಅವರ ದಾರಿಯು ಪ್ರಕೃತ ವಿಷಯಕ್ಕೆ ಬಹಳ ಹತ್ತಿರವಾದುದು. 2004ರಲ್ಲಿ ಅವರು ಕಾಂಗ್ರೆಸ್ಸಿನಿಂದ ಚುನಾಯಿತರಾದುದು ಚಳ್ಳಕೆರೆಯಲ್ಲಿ. 2008ರ ಗೆರೆಯು ಚಳ್ಳಕೆರೆಯನ್ನು ಪಂಗಡಕ್ಕೆ ಮೀಸಲಿಟ್ಟುದರಿಂದ ಆ ಪಂಗಡಕ್ಕೆ ಸೇರದ ಅವರಿಗೆ ಅಲ್ಲಿ ನಿಲ್ಲಲು ಅವಕಾಶವಿಲ್ಲದಾಯಿತು. ಅದೇ ಗೆರೆಯು ನೆರೆಯ ಹಿರಿಯೂರಿನ ಮೀಸಲನ್ನು ತೆಗೆದು ಬಾಗಿಲನ್ನು ತೆರೆಯಿತು. ಅವರು ಅಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. ಚಳ್ಳಕೆರೆ ಸಾಮಾನ್ಯ ಕ್ಷೇತ್ರವಾಗಿಯೇ ಉಳಿದಿದ್ದರೆ ಏನಾಗುತ್ತಿತ್ತೆಂದು ಖಚಿತವಾಗಿ ಹೇಳುವುದು ಚರಿತ್ರಕಾರನ ಕೆಲಸವಲ್ಲ. ಆದರೆ ಒಂದು ಪಕ್ಷದ ಸದಸ್ಯರು ಮೀಸಲು ಬದಲಾದುದರಿಂದ ತಮ್ಮ ಕ್ಷೇತ್ರವನ್ನು ಬಿಡಬೇಕಾಗಿ ಬಂದರು, ಪಕ್ಕದ ಕ್ಷೇತ್ರದಿಂದ ಪಕ್ಷವಿಲ್ಲದೆ ಸಭೆಗೆ ಮರಳಿದರು, ಇನ್ನೊಂದು ಪಕ್ಷದ ಸರ್ಕಾರಕ್ಕೆ ಬೇಕಾಗಿದ್ದ ಬಹುಮತದಲ್ಲಿ ಒಬ್ಬರಾದರು ಎಂಬಷ್ಟು ಮಾತಿನಲ್ಲಿ ಸಂದೇಹವಿಲ್ಲ.

2010ರ ಅಕ್ಟೋಬರ್ ತಿಂಗಳಿನಲ್ಲಿ ಈ ಐವರೂ, ಆಡಳಿತ ಪಕ್ಷದ ಹನ್ನೊಂದು ಮಂದಿಯೂ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನು ಹಿಂತೆಗೆದುಕೊಂಡರು. ಅಕ್ಟೋಬರ್ 11ರಂದು ವಿಶ್ವಾಸಮತ ಗೊತ್ತಾಗಿತ್ತು. ಅದಕ್ಕೆ ಮುಂಚೆಯೇ ಸಭಾಧ್ಯಕ್ಷರಾದ ಕೆ. ಜಿ. ಬೋಪಯ್ಯನವರು ಹದಿನಾರು ಮಂದಿಯನ್ನೂ ಸದಸ್ಯತ್ವಕ್ಕೆ ಅನರ್ಹರೆಂದು ಆಜ್ಞೆ ಮಾಡಿದರು. ಇಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಬೋಪಯ್ಯನವರು 2004ರಲ್ಲಿ ಮಡಿಕೇರಿಯಿಂದಲೂ 2008ರಲ್ಲಿ ವಿರಾಜಪೇಟೆಯಿಂದಲೂ ಬಂದವರು. ವಿರಾಜಪೇಟೆಯಿಂದ ಪಂಗಡದ ಮೀಸಲನ್ನು ತೆಗೆದ ಗೆರೆ ಯಾವುದೋ, ಚಳ್ಳಕೆರೆಗೆ ಅದನ್ನು ಹಾಕಿದ ಗೆರೆಯೂ ಅದೇ. ಅನರ್ಹತೆಯ ಆಜ್ಞೆಯನ್ನು ಕೊಟ್ಟವರೂ ಪಡೆದವರಲ್ಲಿ ಒಬ್ಬರೂ ಒಂದೇ ವಿಂಗಡಣೆಯಿಂದ ಹೊಸ ಕ್ಷೇತ್ರಗಳಿಗೆ ಬಂದವರಾಗಿದ್ದರು.

ಅಕ್ಟೋಬರ್ 11ರ ಧ್ವನಿಮತವು ವಿವಾದಕ್ಕೆ ಒಳಗಾಗಿ, 14ರಂದು ಎರಡನೆಯ ಸಲ ಮತ ತೆಗೆದುಕೊಳ್ಳಲಾಯಿತು. ಸರ್ಕಾರದ ಪರವಾಗಿ 106, ವಿರೋಧವಾಗಿ 100. ಹೊರಗಿದ್ದವರು ಹದಿನಾರು ಮಂದಿ. ಆರು ಮತಗಳ ಅಂತರವನ್ನು ಹದಿನಾರರೊಡನೆ ಹೋಲಿಸಿ ನೋಡಿದರೆ, ಆ ದಿನ ಸರ್ಕಾರದ ಅಳಿವು ಉಳಿವು ಎಲ್ಲಿತ್ತೆಂಬುದು ಬೇರೆ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ.

ಪಕ್ಷೇತರರ ವಿಷಯದಲ್ಲಿ ಎದ್ದ ನ್ಯಾಯಪ್ರಶ್ನೆಯು ಸೂಕ್ಷ್ಮವಾದುದು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಂತೆ, ಪಕ್ಷೇತರನಾಗಿ ಚುನಾಯಿತನಾದವನು ಆಮೇಲೆ ಒಂದು ಪಕ್ಷವನ್ನು ಸೇರಿದರೆ ಸದಸ್ಯತ್ವವನ್ನು ಕಳೆದುಕೊಳ್ಳುತ್ತಾನೆ. ಮಂತ್ರಿಯಾಗುವುದೂ, ಆಡಳಿತ ಪಕ್ಷದ ಸಭೆಗಳಲ್ಲಿ ಕುಳಿತುಕೊಳ್ಳುವುದೂ ಪಕ್ಷವನ್ನು ಸೇರಿದಂತೆ ಆಗುವುದೇ? ಆಗುತ್ತದೆಂದು ಸಭಾಧ್ಯಕ್ಷರು ಹೇಳಿದರು. ರಾಜ್ಯದ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಿನಲ್ಲಿ ಹದಿನಾರು ಮಂದಿಯ ಅನರ್ಹತೆಯನ್ನೂ ರದ್ದುಮಾಡಿತು. ಸರ್ಕಾರಕ್ಕೆ ಬೆಂಬಲ ಕೊಡುವುದು ಬೇರೆ, ಪಕ್ಷಕ್ಕೆ ಸೇರುವುದು ಬೇರೆ. ಮಂತ್ರಿಪದವಿಯನ್ನು ಸ್ವೀಕರಿಸಿದ ಮಾತ್ರಕ್ಕೆ ಪಕ್ಷೇತರತ್ವವು ಹೋಗುವುದಿಲ್ಲ ಎಂಬುದು ತೀರ್ಪಿನ ಸಾರ. ಪಕ್ಷೇತರರ ವ್ಯಾಜ್ಯವು ನ್ಯಾಯಗ್ರಂಥಗಳಲ್ಲಿ ಡಿ. ಸುಧಾಕರ್ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಸದಸ್ಯತ್ವವು ಮರಳಿ ದೊರೆಯಿತು. ಆದರೆ ಅಷ್ಟರಲ್ಲಿ ಏಳು ತಿಂಗಳು ಕಳೆದು, ವಿಶ್ವಾಸಮತವು ಹಳೆಯ ಸುದ್ದಿಯಾಗಿತ್ತು. ಬಹುಮತವನ್ನು ಪರೀಕ್ಷಿಸತಕ್ಕ ಸ್ಥಳವು ಸದನವೇ ಎಂದು 1994ರಲ್ಲಿ ಎಸ್. ಆರ್. ಬೊಮ್ಮಾಯಿಯವರ ವ್ಯಾಜ್ಯದಲ್ಲಿ, ಅದೂ ಕರ್ನಾಟಕದಿಂದಲೇ ಹೋದ ವ್ಯಾಜ್ಯದಲ್ಲಿ, ನಿರ್ಣಯವಾಗಿದ್ದಿತು. ಸದನದೊಳಗೆ ಯಾರು ಕುಳಿತಿರಬೇಕೆಂಬ ಪ್ರಶ್ನೆಗೆ ಉತ್ತರವು ತಡವಾಗಿ ಬಂದರೆ ಆ ಪರೀಕ್ಷೆಯ ಬೆಲೆ ಎಷ್ಟು ಕುಗ್ಗುವುದೆಂಬುದು 2010ರಲ್ಲಿ ಗೊತ್ತಾಯಿತು.

ಇನ್ನು ಮೀಸಲಿನ ಪಟ್ಟಿಯು ರಾಜಕೀಯ ಸಂಚಾರಕ್ಕೆ ಹೇಗೆ ಹಾದಿಯಾಯಿತೆಂಬುದನ್ನು ಹೇಳಬೇಕು. 2013ರ ಚುನಾವಣೆಯಲ್ಲಿ ಬಿ. ಶ್ರೀರಾಮುಲು ಅವರ ಬಿ.ಎಸ್.ಆರ್. ಕಾಂಗ್ರೆಸ್ಸು ಗೆದ್ದುದು ನಾಲ್ಕೇ ಸ್ಥಾನಗಳನ್ನು. ಅವುಗಳಲ್ಲಿ ಬಳ್ಳಾರಿ ಗ್ರಾಮಾಂತರ, ಕಂಪ್ಲಿ, ಮೊಳಕಾಲ್ಮುರು ಈ ಮೂರೂ ಪಂಗಡಕ್ಕೆ ಮೀಸಲಾದವು. ಮೊಳಕಾಲ್ಮುರಿನಲ್ಲಿ ಗೆದ್ದವರು ಎಸ್. ತಿಪ್ಪೇಸ್ವಾಮಿ. 2008ಕ್ಕೆ ಮೊದಲು ಇಂಥ ಪಟ್ಟಿಯೇ ಇರಲಿಲ್ಲವಷ್ಟೆ. ಗೋಪಾಲಕೃಷ್ಣ ಅವರು 2008ರಲ್ಲಿ ಮೊಳಕಾಲ್ಮುರು, 2014ರ ಉಪಚುನಾವಣೆಯಲ್ಲಿ ಬಳ್ಳಾರಿ ಗ್ರಾಮಾಂತರ, 2018ರಲ್ಲಿ ಕೂಡ್ಲಿಗಿ, 2023ರಲ್ಲಿ ಪುನಃ ಮೊಳಕಾಲ್ಮುರು ಹೀಗೆ ಗೆದ್ದರು. ಕೂಡ್ಲಿಗಿಯಲ್ಲಿ ಭಾರತೀಯ ಜನತಾ ಪಕ್ಷದಿಂದ, ಉಳಿದೆಡೆ ಕಾಂಗ್ರೆಸ್ಸಿನಿಂದ. ಶ್ರೀರಾಮುಲು ಅವರು ಬಳ್ಳಾರಿ ಗ್ರಾಮಾಂತರದಿಂದ ಬಂದು 2018ರಲ್ಲಿ ಮೊಳಕಾಲ್ಮುರಿನಲ್ಲಿ ಗೆದ್ದರು. ಅದೇ ಸಲ ಬಾದಾಮಿಯಲ್ಲಿಯೂ ನಿಂತು ಸಿದ್ದರಾಮಯ್ಯನವರಿಂದ 1,696 ಮತಗಳ ಅಂತರದಿಂದ ಸೋತರು. ಪಕ್ಕಪಕ್ಕದಲ್ಲಿ ಹತ್ತಾರು ಮೀಸಲು ಕ್ಷೇತ್ರಗಳಿರುವುದರಿಂದ ಒಂದೆಡೆ ಸೋತವರು ಇನ್ನೊಂದೆಡೆಗೆ ಸರಿಯುವುದು ಸುಲಭ. ಮತದಾರರಿಗೆ ಇದರಿಂದ ಲಾಭವೋ ನಷ್ಟವೋ ಎಂಬುದರಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಪಕ್ಷಗಳಿಗಂತೂ ಈ ಪಟ್ಟಿಯು ಒಟ್ಟಾಗಿ ವಾಲುವ ಗುಣವುಳ್ಳದ್ದೆಂಬುದು 2023ರಲ್ಲಿ ಸ್ಪಷ್ಟವಾಯಿತು. ಹದಿನೈದು ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 14, ಜನತಾದಳಕ್ಕೆ 1. ಆವರೆಗೆ ಆಡಳಿತದಲ್ಲಿದ್ದ ಪಕ್ಷಕ್ಕೆ ಒಂದೂ ಇಲ್ಲ. 2008ರಲ್ಲಿ ಮೂರು ಸ್ಥಾನಗಳ ಕೊರತೆಯು ಸರ್ಕಾರದ ಸ್ವರೂಪವನ್ನೇ ನಿರ್ಣಯಿಸಿತೆಂಬುದನ್ನು ನೆನೆದರೆ, ಹದಿನೈದು ಒಂದೇ ಕಡೆಗೆ ವಾಲುವುದು ಎಷ್ಟು ದೊಡ್ಡ ಮಾತೆಂಬುದು ತಿಳಿದೀತು.

ಆಯೋಗವು ಎಳೆದ ಗೆರೆಯನ್ನು ನ್ಯಾಯಸ್ಥಾನದಲ್ಲಿ ಪ್ರಶ್ನಿಸಬಹುದೇ? ಸಂವಿಧಾನದ 329ನೆಯ ವಿಧಿಯು ಕ್ಷೇತ್ರವಿಂಗಡಣೆಯ ಶಾಸನಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಾರದೆನ್ನುತ್ತದೆ. ಆಯೋಗದ ಆಜ್ಞೆಯು ಪ್ರಕಟವಾದೊಡನೆ ಅದಕ್ಕೆ ಶಾಸನದ ಬಲವುಂಟೆಂದು 2002ರ ಶಾಸನವೂ ಹೇಳುತ್ತದೆ. ಆಯೋಗದಲ್ಲಿ ರಾಜ್ಯದ ಐವರು ಲೋಕಸಭಾ ಸದಸ್ಯರೂ ಐವರು ವಿಧಾನಸಭಾ ಸದಸ್ಯರೂ ಸಹವರ್ತಿಗಳಾಗಿ ಕುಳಿತರೂ ಅವರಿಗೆ ಮತವಿಲ್ಲ, ಆಜ್ಞೆಗೆ ರುಜು ಹಾಕುವ ಅಧಿಕಾರವೂ ಇಲ್ಲ. ಉಜ್ಜಯಿನಿಯನ್ನು ಪರಿಶಿಷ್ಟ ಜಾತಿಗಳಿಗೆ ಮೀಸಲಿಟ್ಟುದನ್ನು ಮೇಘರಾಜ ಕೊಠಾರಿ ಎಂಬವರು ಪ್ರಶ್ನಿಸಿದಾಗ, 1966ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಬಾಗಿಲನ್ನು ಮುಚ್ಚಿತು. ಪ್ರತಿಯೊಂದು ಎಲ್ಲೆಯೂ ವ್ಯಾಜ್ಯಕ್ಕೆ ಬಿದ್ದರೆ ಚುನಾವಣೆಯೇ ನಡೆಯದೆಂಬುದು ಕಾರಣ. ಗುಜರಾತಿನ ಬಾರ್ಡೋಲಿ ಕ್ಷೇತ್ರದ ಮೀಸಲಿನ ಪ್ರಕರಣದಲ್ಲಿ 2024ರಲ್ಲಿ ಅದೇ ನ್ಯಾಯಾಲಯವು ಬಾಗಿಲನ್ನು ಸ್ವಲ್ಪ ತೆರೆಯಿತು: ಆಜ್ಞೆಯು ಪ್ರಕಟವಾಗಿ ಸ್ವೇಚ್ಛಾಚಾರದಿಂದ ಕೂಡಿ ಸಂವಿಧಾನದ ಮೌಲ್ಯಗಳಿಗೆ ವಿರುದ್ಧವಾಗಿದ್ದರೆ ನ್ಯಾಯಾಲಯಗಳು ಕೈಕಟ್ಟಿ ಕುಳಿತಿರಬೇಕಾಗಿಲ್ಲವೆಂದು ಹೇಳಿತು.

ಅಮೆರಿಕದ ರಾಜ್ಯಗಳಲ್ಲಿ ಇದಕ್ಕೆ ವಿಪರೀತವಾದ ಕ್ರಮವುಂಟು. ಅಲ್ಲಿ ಅನೇಕ ಕಡೆ ಗೆರೆಯನ್ನು ಎಳೆಯುವುದು ಶಾಸನಸಭೆಯೇ. ಆ ಗೆರೆಯನ್ನು ಅಳೆದು ನೋಡುವ ನ್ಯಾಯಾಧೀಶರೂ ಕೆಲವು ರಾಜ್ಯಗಳಲ್ಲಿ ಜನರಿಂದ ಚುನಾಯಿತರು. ವಿಸ್ಕಾನ್‌ಸಿನ್ ರಾಜ್ಯದಲ್ಲಿ 2023ರ ಏಪ್ರಿಲ್‌ನಲ್ಲಿ ಒಬ್ಬ ನ್ಯಾಯಾಧೀಶೆ ಚುನಾಯಿತರಾದುದರಿಂದ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಬಲಾಬಲವು ಬದಲಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ನಾಲ್ವರು ಮೂವರ ಭಿನ್ನಮತದಿಂದ ಹಳೆಯ ನಕ್ಷೆಯು ರದ್ದಾಯಿತು. ಹೊಸ ನಕ್ಷೆಗೆ ಗವರ್ನರರ ರುಜು ಬಿದ್ದುದು 2024ರ ಫೆಬ್ರವರಿ 19ರಂದು. ಕರ್ನಾಟಕದ ಹೊಸ ವಿಂಗಡಣೆಯು ಜಾರಿಗೆ ಬಂದು ಸರಿಯಾಗಿ ಹದಿನಾರು ವರ್ಷಗಳ ತರುವಾಯ. 99 ಸ್ಥಾನಗಳ ಆ ಸಭೆಯಲ್ಲಿ 64 ಇದ್ದ ರಿಪಬ್ಲಿಕನ್ ಪಕ್ಷವು ಮುಂದಿನ ಚುನಾವಣೆಯಲ್ಲಿ 54ಕ್ಕೆ ಇಳಿಯಿತು. ಉತ್ತರ ಕೆರೊಲೈನಾದಲ್ಲಿ ಇದೇ ಯಂತ್ರವು ಹಿಮ್ಮುಖವಾಗಿ ತಿರುಗಿತು: 2022ರ ಚುನಾವಣೆಯಲ್ಲಿ ನ್ಯಾಯಾಧೀಶರು ಬದಲಾದರು, 2023ರಲ್ಲಿ ಅದೇ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ತಾನೇ ತಿರುಗಿಸಿತು. ಅಲ್ಲಿ ನ್ಯಾಯಾಧೀಶರ ಚುನಾವಣೆಯಲ್ಲಿ ಕಾಣುವ ಪಕ್ಷಪೈಪೋಟಿಯು ಇಲ್ಲಿ ಸಭಾಧ್ಯಕ್ಷರ ಪೀಠದಲ್ಲಿ ಕಾಣುತ್ತದೆನ್ನಬಹುದು. ಗೆರೆಯೆಳೆಯುವವರು ಪಕ್ಷದವರಲ್ಲದಿದ್ದರೂ, ಗೆರೆಯೊಳಗಿಂದ ಬಂದವರು ಸದನದಲ್ಲಿ ಉಳಿಯುವರೋ ಇಲ್ಲವೋ ಎಂಬುದನ್ನು ಮೊದಲು ನಿರ್ಣಯಿಸುವವರು ಒಂದು ಪಕ್ಷದಿಂದ ಚುನಾಯಿತರಾದವರೇ ಆಗಿರುತ್ತಾರೆ.

ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ವಿಷಯದಲ್ಲಿ ವಿಳಂಬವೇ ಮತ್ತೊಂದು ರೂಪ ತಾಳಿತು. 2016ರಲ್ಲಿ ಚುನಾಯಿತವಾದ ಸಂಸ್ಥೆಗಳ ಅವಧಿಯು 2021ರಲ್ಲಿ ಮುಗಿಯಿತು. ಅದೇ ವರ್ಷ ಎಲ್ಲೆ ಗುರುತಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡುವಂತೆ ಶಾಸನಕ್ಕೆ ತಿದ್ದುಪಡಿಯಾಯಿತು. ಎಲ್ಲೆಯ ಕೆಲಸ ಮುಗಿಯದೆ ಚುನಾವಣೆಯಿಲ್ಲ, ಚುನಾವಣೆಯಿಲ್ಲದೆ ಸಂಸ್ಥೆಯಿಲ್ಲ ಎಂಬಂತಾಗಿ, ಸದಸ್ಯರ ಬದಲಿಗೆ ಆಡಳಿತಾಧಿಕಾರಿಗಳು ಆ ಕಾರ್ಯವನ್ನು ನಡೆಸಬೇಕಾಯಿತು. ವ್ಯಾಜ್ಯವು ಉಚ್ಚ ನ್ಯಾಯಾಲಯದ ಮುಂದೆ ಹೋಯಿತು.

ಮುಂದಿನ ಖಾನೆಷುಮಾರಿಯ ಲೆಕ್ಕದ ದಿನವು 2027ರ ಮಾರ್ಚ್ 1 ಎಂದು ಗೊತ್ತಾಗಿದೆ. ಅದು 2026ರ ನಂತರ ಬರುವ ಮೊದಲ ಖಾನೆಷುಮಾರಿಯಾದುದರಿಂದ, 1971ರ ಜನಸಂಖ್ಯೆಯ ಮೇಲೆ ನಿಂತ ಸ್ಥಾನಸಂಖ್ಯೆಯ ಬೀಗಕ್ಕೆ ಎಂಬತ್ತನಾಲ್ಕನೆಯ ತಿದ್ದುಪಡಿಯು ಹಾಕಿದ ಅವಧಿಯು ಅದರ ಅಂಕಿಗಳು ಪ್ರಕಟವಾಗುವುದರೊಡನೆ ತೀರುತ್ತದೆ. ರಾಜ್ಯ ರಾಜ್ಯಗಳ ನಡುವಣ ಸ್ಥಾನಗಳ ಹಂಚಿಕೆಯ ಚರ್ಚೆಯು ದಕ್ಷಿಣದಲ್ಲೆಲ್ಲ ನಡೆದಿದೆ. ಕರ್ನಾಟಕದೊಳಗಣ ಲೆಕ್ಕವನ್ನು ಕುರಿತ ಚರ್ಚೆ ಅಷ್ಟಾಗಿ ಕೇಳಿಬಂದಿಲ್ಲ. 2011ರ ಪ್ರಮಾಣವಾದ 6.95ನ್ನೇ ಹಿಡಿದರೂ 224ರಲ್ಲಿ ಪಂಗಡಕ್ಕೆ 15.57 ಬರುತ್ತದೆ, ಎಂದರೆ ಹದಿನಾರನೆಯ ಸ್ಥಾನವು ಆಗಲೇ ಹೊಸ್ತಿಲಲ್ಲಿದೆ. ಅದು ಯಾವ ಕ್ಷೇತ್ರವೆಂಬುದನ್ನೂ, ತಳುಕಿನ ಹೋಬಳಿಯು ಚಳ್ಳಕೆರೆಗೆ ಮರಳುವುದೇ ಎಂಬುದನ್ನೂ ಇನ್ನೊಂದು ಆಯೋಗವು ನಿರ್ಣಯಿಸಬೇಕಾಗಿದೆ.